ಕಾಲೇಜು ಅಧ್ಯಾಪಕರ ಗಣಕಯಂತ್ರ ಮನೋಭಾವ ಮತ್ತು ಕೌಶಲ್ಯ (ಬಾಗಲಕೋಟೆ ಜಿಲ್ಲೆ)

ಗಣಕಯಂತ್ರದ ಕುರಿತು ಅಧ್ಯಾಪಕರಲ್ಲಿರುವ ಒಲವು, ಅಂಜಿಕೆ ಹಾಗೂ ಆತ್ಮವಿಶ್ವಾಸವನ್ನು ಗಣಕಯಂತ್ರ ಮನೋಭಾವ ಎಂದೂ, ಅದನ್ನು ಬೋಧನೆಗೆ ಬಳಸಬಲ್ಲ ಸಾಮರ್ಥ್ಯವನ್ನು ಗಣಕಯಂತ್ರ ಕೌಶಲ್ಯ ಎಂದೂ ಕರೆಯಲಾಗುತ್ತದೆ. ಒಲವಿದ್ದವರಿಗೆಲ್ಲ ಕೌಶಲ್ಯವಿರುವುದಿಲ್ಲ, ಕೌಶಲ್ಯವಿಲ್ಲದವರೆಲ್ಲ ಯಂತ್ರದ ವಿರೋಧಿಗಳೂ ಅಲ್ಲ. ಆದ್ದರಿಂದ ಇವೆರಡನ್ನೂ ಪ್ರತ್ಯೇಕವಾಗಿ ಅಳೆಯಬೇಕಾಗುತ್ತದೆ.

ಅಳತೆಯ ವಿಧಾನ

1984ರಲ್ಲಿ ಲಾಯ್ಡ್ ಮತ್ತು ಗ್ರೆಸಾರ್ಡ್ ರೂಪಿಸಿದ ಮಾಪಕವು ಆತಂಕ, ಆತ್ಮವಿಶ್ವಾಸ ಮತ್ತು ಇಷ್ಟವನ್ನು ಅಳೆಯುತ್ತದೆ. ಫ್ರೆಡ್ ಡೇವಿಸ್ 1989ರಲ್ಲಿ ಉಪಯುಕ್ತತೆ ಹಾಗೂ ಸುಲಭತೆಯ ಭಾವನೆಗಳಿಗೆ ಒತ್ತು ನೀಡಿದರು. ಕೌಶಲ್ಯವನ್ನು ಮಾತ್ರ ಪ್ರಶ್ನಾವಳಿಯೊಂದರಿಂದಲೇ ಅರಿಯುವುದು ಕಷ್ಟ. ‘ಬಲ್ಲೆ’ ಎಂಬ ಉತ್ತರಕ್ಕಿಂತ ಮಾಡಿ ತೋರಿಸಿದ ಕೆಲಸ ಹೆಚ್ಚು ನಂಬಲರ್ಹ.

ಜಿಲ್ಲೆಯ ಸಂದರ್ಭ

1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಈ ಜಿಲ್ಲೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 2010ರಲ್ಲಿ ಸ್ಥಾಪನೆಯಾದ ಬಳಿಕ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಬಾಗಲಕೋಟೆಯಲ್ಲಿ 1963ರಿಂದಲೂ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಇದೆ. ಬಾದಾಮಿ, ಹುನಗುಂದ, ಇಳಕಲ್ಲಗಳಲ್ಲಿ ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳೇ ಪ್ರಮುಖ. ಹೀಗಾಗಿ ಇಡೀ ಜಿಲ್ಲೆಗೆ ಒಂದೇ ಸರಾಸರಿ ಕಟ್ಟುವುದರಿಂದ ಹೆಚ್ಚೇನೂ ತಿಳಿಯದು. ಬಾದಾಮಿಯ ಇತಿಹಾಸ ಅಧ್ಯಾಪಕರಿಗೆ ಚಾಲುಕ್ಯ ಶಾಸನಗಳ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದು ಮುಖ್ಯವಾದರೆ, ಇಳಕಲ್ಲಿನ ವಾಣಿಜ್ಯ ಅಧ್ಯಾಪಕರಿಗೆ ಲೆಕ್ಕದ ತಂತ್ರಾಂಶ ಮುಖ್ಯ.

ಕನ್ನಡ ಬೆರಳಚ್ಚಿನ ತೊಡಕು

ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವರಿಗೆ ಮೊದಲ ಅಡ್ಡಿ ಎದುರಾಗುವುದು ಲಿಪಿಯಲ್ಲಿ. ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಸುಲಭಗೊಳಿಸಿದವು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳು ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಇರಿಸುತ್ತಿದ್ದವು. ಅದೇ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಟಿಪ್ಪಣಿಯನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅಂತರ್ಜಾಲದ ಹುಡುಕಾಟಕ್ಕೂ ಆ ಪಠ್ಯ ಸಿಗುವುದಿಲ್ಲ. ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳ ತಪ್ಪುಗಳನ್ನು ಮತ್ತೆ ತಿದ್ದಬೇಕಾಗುತ್ತದೆ. ಇದರಿಂದ ಬೇಸತ್ತ ಅಧ್ಯಾಪಕರನ್ನು ‘ಪ್ರತಿಕೂಲ ಮನೋಭಾವ’ದವರೆಂದು ಗುರುತಿಸುವುದು ಅಳತೆಯ ದೋಷವೇ ಹೊರತು ಅವರದಲ್ಲ.

ಕಡ್ಡಾಯ ಬಳಕೆ

2020ರ ಕೋವಿಡ್ ಅವಧಿಯ ಆನ್‌ಲೈನ್ ತರಗತಿಗಳು ಇಷ್ಟವಿದ್ದವರನ್ನೂ ಇಲ್ಲದವರನ್ನೂ ಒಟ್ಟಿಗೆ ಪರದೆಯ ಮುಂದೆ ಕೂರಿಸಿದವು. 2021ರಿಂದ ರಾಜ್ಯದಲ್ಲಿ ಜಾರಿಗೊಂಡ ಯುಯುಸಿಎಂಎಸ್ ಜಾಲತಾಣದ ಮೂಲಕ ಪ್ರವೇಶಾತಿ, ಆಂತರಿಕ ಅಂಕಗಳ ದಾಖಲಾತಿಯೂ ಗಣಕಯಂತ್ರಕ್ಕೆ ಬಂದವು. ಇಂತಹ ಬಳಕೆ ಆಡಳಿತಕ್ಕೆ ಸಂಬಂಧಿಸಿದ್ದು. ಅಂಕ ತುಂಬಬಲ್ಲವರು ಗಣಕಯಂತ್ರದಿಂದ ಪಾಠವನ್ನೂ ಮಾಡಬಲ್ಲರೆಂದು ಅದರಿಂದ ತೀರ್ಮಾನಿಸಲಾಗದು. ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ವಿಷಯಜ್ಞಾನ, ಬೋಧನಾಕ್ರಮ ಮತ್ತು ತಂತ್ರಜ್ಞಾನ ಮೂರೂ ಕೂಡುವ ಈ ಪ್ರತ್ಯೇಕ ಜ್ಞಾನವನ್ನೇ ಕುರಿತದ್ದು.