ಬೆಕ್ಕಿನ ಹೊಟ್ಟೆಯ ಹುಳು: ಯಾವುದಕ್ಕೆ ಯಾವ ಮದ್ದು?

ಸಂಸ್ಕೃತದಲ್ಲಿ ಬೆಕ್ಕಿಗೆ ಮಾರ್ಜಾರವೆಂದು ಹೆಸರು. ಒರೆಸು, ಶುಚಿಮಾಡು ಎಂಬರ್ಥದ 'ಮೃಜ್' ಧಾತುವಿನಿಂದ ಬಂದ ಮಾತಿದು. ಸದಾ ಮೈ ನೆಕ್ಕಿಕೊಳ್ಳುವ ಪ್ರಾಣಿಗೆ ಒಪ್ಪುವ ಹೆಸರೇ ಸರಿ. ಆದರೆ ಹೊಟ್ಟೆಗೆ ಹುಳು ಸೇರುವ ಹಾದಿಗಳಲ್ಲಿ ಈ ನೆಕ್ಕುವಿಕೆಯೂ ಒಂದೆಂಬುದನ್ನು ಬೆಕ್ಕು ಸಾಕಿದವರು ತಿಳಿದಿರಬೇಕು.

ಬೆಕ್ಕಿನ ಕರುಳಿನಲ್ಲಿ ಸಾಮಾನ್ಯವಾಗಿ ಕಾಣುವ ಹುಳುಗಳು ಮೂರು ಬಗೆ. ದುಂಡುಹುಳು ತಾಯಿಯ ಹಾಲಿನೊಡನೆಯೇ ಮರಿಯನ್ನು ಸೇರಬಲ್ಲುದು. ಮರಿಯ ಹೊಟ್ಟೆ ಉಬ್ಬಿ, ಮೈ ಸೊರಗುತ್ತದೆ. ಕೊಕ್ಕೆಹುಳು ಕರುಳನ್ನು ಕಚ್ಚಿ ರಕ್ತ ಹೀರುತ್ತದೆ. ಒಸಡು ಬಿಳಿಚಿ ಎಳೆಯ ಮರಿ ಸಾಯುವುದೂ ಉಂಟು. ಲಾಡಿಹುಳುವಾದರೋ ಮೈ ನೆಕ್ಕುವಾಗ ನುಂಗಿದ ಚಿಗಟದಿಂದ, ಇಲ್ಲವೆ ತಿಂದ ಇಲಿಯಿಂದ ಬರುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂಥ ತುಣುಕುಗಳು ಅಂಟಿದ್ದರೆ ಅದೇ ಗುರುತು.

ಎಲ್ಲಕ್ಕೂ ಒಂದೇ ಮದ್ದೆಂದು ತಿಳಿಯಬೇಡಿ. ಹಳೆಯ ಮದ್ದಾದ ಪೈಪರಜೀನ್ ದುಂಡುಹುಳುವಿಗೆ ಮಾತ್ರ. ಪೈರಾಂಟೆಲ್ ದುಂಡುಹುಳು, ಕೊಕ್ಕೆಹುಳು ಎರಡನ್ನೂ ನಿಶ್ಚೇಷ್ಟಗೊಳಿಸಿ ಹೊರದೂಡುತ್ತದೆ. ರಕ್ತಕ್ಕೆ ಹೆಚ್ಚಾಗಿ ಸೇರದಾದ್ದರಿಂದ ಎಳೆಮರಿಗೂ ಸಲ್ಲುತ್ತದೆ. ಫೆನ್‌ಬೆಂಡಜೋಲನ್ನು ಕೆಲವು ದಿನ ಸತತವಾಗಿ ಕೊಡಬೇಕು. ಅದು ಇವೆರಡರ ಜೊತೆಗೆ ಇಲಿಯಿಂದ ಬಂದ ಲಾಡಿಹುಳುವನ್ನೂ ಕೊಲ್ಲುತ್ತದೆ, ಚಿಗಟದಿಂದ ಬಂದದ್ದಕ್ಕೆ ನೆಚ್ಚುವಂತಿಲ್ಲ. ಪ್ರಾಜಿಕ್ವಾಂಟೆಲ್ ಎರಡು ಬಗೆಯ ಲಾಡಿಹುಳುವಿಗೂ ಒಂದೇ ಸರದಿಯಲ್ಲಿ ಸಾಕು. ದುಂಡುಹುಳುವಿಗೆ ಅದು ನಾಟದು. ಸತ್ತ ಲಾಡಿಹುಳು ಕರುಳಿನಲ್ಲೇ ಜೀರ್ಣವಾಗುವುದರಿಂದ, ಮಲದಲ್ಲಿ ಕಾಣಲಿಲ್ಲವೆಂದು ಮದ್ದನ್ನು ದೂರಬೇಡಿ. ಪೈರಾಂಟೆಲ್, ಪ್ರಾಜಿಕ್ವಾಂಟೆಲ್ ಎರಡೂ ಕೂಡಿದ ಗುಳಿಗೆಗಳು ಇರುವುದು ಈ ಕಾರಣಕ್ಕೇ. ಗುಳಿಗೆ ನುಂಗದ ಬೆಕ್ಕಿಗೆ ಕತ್ತಿನ ಹಿಂದೆ ಹನಿಸುವ ಸೆಲಮೆಕ್ಟಿನ್ ಉಂಟು. ಅದು ದುಂಡುಹುಳು, ಕೊಕ್ಕೆಹುಳು, ಚಿಗಟಗಳಿಗೆ ಸರಿ, ಲಾಡಿಹುಳುವಿಗಲ್ಲ.

ಮರಿಗೆ 3ನೆಯ ವಾರದಿಂದ ಆರಂಭಿಸಿ, ಹಾಲು ಬಿಡಿಸಿದ 2 ವಾರಗಳವರೆಗೆ, 2 ವಾರಗಳಿಗೊಮ್ಮೆ ಮದ್ದು ಕೊಡಬೇಕು; ಹಾಲೂಡುವ ತಾಯಿಗೂ ಮದ್ದು ಬೇಕು. ಚಿಗಟ ಉಳಿದರೆ ಲಾಡಿಹುಳು ಮರಳಿ ಬರುತ್ತದೆ. ಆದರೆ ನಾಯಿಗೆಂದು ಮಾರುವ ಪರ್ಮೆಥ್ರಿನ್ ಬೆರೆತ ಚಿಗಟದ ಮದ್ದನ್ನು ಬೆಕ್ಕಿಗೆ ಹಚ್ಚಲೇಕೂಡದು, ಅದು ಪ್ರಾಣಾಂತಿಕ.

ಮಕ್ಕಳಿರುವ ಮನೆಯಲ್ಲಿ ಇದು ಬೆಕ್ಕಿನ ಮಾತಷ್ಟೇ ಅಲ್ಲ. ಮಲದಲ್ಲಿ ಬಿದ್ದ ದುಂಡುಹುಳುವಿನ ಮೊಟ್ಟೆ ಕೆಲವು ವಾರಗಳಲ್ಲಿ ಮಣ್ಣಿನಲ್ಲಿ ಬಲಿಯುತ್ತದೆ. ಆಡುವ ಮಗುವಿನ ಕೈಯಿಂದ ಬಾಯಿಗೆ ಹೋದರೆ, ಅದರ ಮರಿಹುಳು ಕಣ್ಣನ್ನು ಹೊಕ್ಕು ದೃಷ್ಟಿಯನ್ನು ಕೆಡಿಸಬಲ್ಲುದು. ಆದ್ದರಿಂದ ಮಲವನ್ನು ದಿನವೂ ತೆಗೆದುಹಾಕಿ. ಮಕ್ಕಳಿಗೆ ಕೈ ತೊಳೆಯುವುದನ್ನು ರೂಢಿಮಾಡಿಸಿ. ಬೆಕ್ಕಿನ ತೂಕ ನೋಡಿಸಿ, ಮಲದ ಮಾದರಿಯನ್ನು ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಲ್ಲೇ ಮದ್ದು ಕೊಡಿ.