ಸ್ಟಾಪ್‌ವಾಚ್ ಕಾರ್ಮಿಕರ ಕೈಗೆ ಬಂದಾಗ

ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ (ಜಿಎಂ) ಕಾರ್ಖಾನೆಗೆ ಕೆಟ್ಟ ಹೆಸರಿತ್ತು. ದಿನಾ ಐವರಲ್ಲಿ ಒಬ್ಬ ಗೈರು. ಕೆಲಸದ ಹೊತ್ತಿನಲ್ಲೇ ಕುಡಿತ. ಸಿಟ್ಟು ಬಂದವರು ಕಾರಿನ ಬಾಗಿಲೊಳಗೆ ಖಾಲಿ ಬಾಟಲಿ ಇಟ್ಟು ಮುಚ್ಚಿಬಿಡುತ್ತಿದ್ದರು. ಗಡಗಡ ಸದ್ದು ಎಲ್ಲಿಂದ ಬರುತ್ತಿದೆಯೆಂದು ಕೊಂಡವನು ತಲೆ ಕೆಡಿಸಿಕೊಳ್ಳಲಿ ಎಂದು. 1982ರಲ್ಲಿ ಅದಕ್ಕೆ ಬೀಗ ಬಿತ್ತು.

1984ರಲ್ಲಿ ಟೊಯೊಟಾ ಜೊತೆಗಿನ ಪಾಲುದಾರಿಕೆಯಲ್ಲಿ ಅದೇ ಕಾರ್ಖಾನೆ ‘ನುಮ್ಮಿ’ ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಬಹುಪಾಲು ಹಳೆಯ ಕಾರ್ಮಿಕರೇ, ಅದೇ ಸಂಘ. ಎರಡು ವರ್ಷದಲ್ಲಿ ಅಲ್ಲೊಂದು ಕಾರು ಜೋಡಿಸಲು 19 ಗಂಟೆ ಸಾಕಾಗುತ್ತಿತ್ತು. ಜಿಎಂನ ಫ್ರೇಮಿಂಗ್‌ಹ್ಯಾಮ್ ಘಟಕಕ್ಕೆ 31 ಗಂಟೆ ಬೇಕಿತ್ತು.

ದೋಷ ಕಂಡೊಡನೆ ಯಾರು ಬೇಕಾದರೂ ಎಳೆದು ಲೈನ್ ನಿಲ್ಲಿಸಬಹುದಾದ ಹಗ್ಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಸ್ಟಾಪ್‌ವಾಚ್. ಮೊದಲು ಅದು ಎಂಜಿನಿಯರ್ ಕೈಯಲ್ಲಿತ್ತು. ಅವನು ಬಂದು ನಿಂತನೆಂದರೆ ಕಾರ್ಮಿಕರ ಕೈ ಬೇಕೆಂದೇ ನಿಧಾನವಾಗುತ್ತಿತ್ತು. ನುಮ್ಮಿಯಲ್ಲಿ ಕಾರ್ಮಿಕರ ಸಣ್ಣ ತಂಡಗಳೇ ಪರಸ್ಪರರ ಕೆಲಸಕ್ಕೆ ಸಮಯ ಹಿಡಿದು, ಯಾವ ವರಸೆ ಸಲೀಸು, ಯಾವುದು ಅಪಾಯವಿಲ್ಲದ್ದು ಎಂದು ನೋಡಿ, ಬೇರೆ ಪಾಳಿಯವರ ಜೊತೆ ಕೂತು ಕ್ರಮ ಬರೆದಿಡುತ್ತಿದ್ದವು.

ಬೇಗ ಮುಗಿಸುವ ಉಪಾಯ ಹೇಳಿಕೊಟ್ಟರೆ ತಮ್ಮಲ್ಲೇ ಒಬ್ಬನ ಕೆಲಸ ಹೋಗಬಹುದಲ್ಲ, ಮತ್ತೇಕೆ ಹೇಳಿದರು? ಉತ್ತರ ಸಂಘದ ಜೊತೆಗಿನ ಒಪ್ಪಂದದಲ್ಲಿತ್ತು: ಕಷ್ಟ ಬಂದರೆ ಮೊದಲು ಮ್ಯಾನೇಜರುಗಳ ಸಂಬಳಕ್ಕೆ ಕತ್ತರಿ, ಹೊರಗೆ ಕೊಟ್ಟ ಕೆಲಸ ಒಳಕ್ಕೆ; ಕಾರ್ಮಿಕರನ್ನು ತೆಗೆಯುವುದು ಕಟ್ಟಕಡೆಗೆ. ಬರೆದುಕೊಟ್ಟ ಮಾತಿನ ಬೆಲೆ ಯಾರಿಗೆ ಗೊತ್ತಿಲ್ಲ! ಆದರೆ 1988ರಲ್ಲಿ ಮಾರಾಟ ಕುಸಿದಾಗ ಕಂಪನಿ ಯಾರನ್ನೂ ತೆಗೆಯಲಿಲ್ಲ; ಕೈ ಖಾಲಿಯಾದವರನ್ನು ತರಬೇತಿಗೆ, ಸುಧಾರಣೆಯ ತಂಡಗಳಿಗೆ ಹಾಕಿತು. 1986ರಲ್ಲಿ ಸಲಹೆ ಕೊಡುತ್ತಿದ್ದವರು ಶೇ 26. 1991ಕ್ಕೆ ಶೇ 92.

ಹಾಗೆಂದು ಅದೇನೂ ಸುಖದ ಸುಪ್ಪತ್ತಿಗೆಯಲ್ಲ. ಹಿಂದೆ ನಿಮಿಷಕ್ಕೆ 45 ಸೆಕೆಂಡು ದುಡಿಯುತ್ತಿದ್ದ ಕೈ ಈಗ 57 ಸೆಕೆಂಡು ದುಡಿಯಬೇಕಿತ್ತು. ಇದು ಒತ್ತಡ ಹೇರಿ ನಡೆಸುವ ಆಡಳಿತ ಎಂದು ಟೀಕಿಸಿದವರಿದ್ದರು, ಸುಮ್ಮನೆ ಅಲ್ಲ. ಟೊಯೊಟಾದ ಫಲಕ ಇದ್ದಲ್ಲೆಲ್ಲ ಸೌಹಾರ್ದ ಇರುತ್ತದೆಂದೂ ಅಲ್ಲ: 2020ರ ನವೆಂಬರ್‌ನಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ಕೆಲಸದ ಹೊರೆ ಹೆಚ್ಚಿದೆಯೆಂದು ಕಾರ್ಮಿಕರು, ಅಶಿಸ್ತೆಂದು ಆಡಳಿತ, ಲಾಕ್‌ಔಟ್‌ವರೆಗೆ ಹೋದರು. ಜಗಳ ತಿಂಗಳುಗಟ್ಟಲೆ ಎಳೆಯಿತು.

ಜಿಎಂ ನುಮ್ಮಿಯನ್ನು ತನ್ನ ವ್ಯಾನ್ ನೈಸ್ ಘಟಕದಲ್ಲಿ ನಕಲು ಮಾಡಲು ಹೊರಟಿತ್ತು. ತಂಡಗಳನ್ನು ಕಟ್ಟಿದರು, ಲೈನ್ ನಿಲ್ಲಿಸಬಹುದು ಎಂದರು. ಆದರೆ ಮ್ಯಾನೇಜರುಗಳ ಬೋನಸ್ಸು ಇನ್ನೂ ದಿನಕ್ಕೆ ಎಷ್ಟು ಕಾರು ಹೊರಬಂತು ಎಂಬುದರ ಮೇಲೇ ನಿಂತಿತ್ತು. ಲೈನ್ ನಿಲ್ಲುವುದು ಅವರಿಗೆ ಬೇಕಿರಲಿಲ್ಲ. ಆ ಘಟಕ 1992ರಲ್ಲಿ ಮುಚ್ಚಿತು.