ಹಲವು ವಿಶ್ರಾಂತಿ ವೇತನ, ಒಂದೇ ವಿನಾಯಿತಿ: ಬ್ರಿಟನ್ನಿನಲ್ಲಿ ನೆಲೆಸಿದ ಹಿರಿಯರ ತೆರಿಗೆ ಲೆಕ್ಕ

ದುಡಿಯುವ ಕಾಲದಲ್ಲಿ ಒಂದು ಸಂಬಳ, ಒಂದು ಲೆಕ್ಕ. ದುಡಿಮೆಯಿಂದ ಬಿಡುವು ದೊರೆತ ಮೇಲೆ ಲೆಕ್ಕವೂ ಹಗುರವಾಗುವುದೆಂದು ಯಾರಾದರೂ ನಿರೀಕ್ಷಿಸುವುದು ಸಹಜ. ಆದರೆ ಬ್ರಿಟನ್ನಿನಲ್ಲಿ ನೆಲೆಸಿ ನಿವೃತ್ತರಾದ ನಮ್ಮ ಸಮಾಜದ ಬಂಧುಗಳ ಅನುಭವ ಇದಕ್ಕೆ ತಿರುಗುಮುರುಗಾಗಿದೆ. ವೈದ್ಯರಾಗಿಯೋ ಅಭಿಯಂತರರಾಗಿಯೋ ಅಧ್ಯಾಪಕರಾಗಿಯೋ ಮೂರು ನಾಲ್ಕು ಕಡೆ ದುಡಿದವರಿಗೆ ಒಂದೊಂದು ಕಡೆಯಿಂದಲೂ ಒಂದೊಂದು ವಿಶ್ರಾಂತಿ ವೇತನ ಬರುತ್ತದೆ. ಅದರ ಜೊತೆಗೆ ಅಲ್ಲಿಯ ಸರ್ಕಾರದ ವೃದ್ಧಾಪ್ಯ ವೇತನವೂ ಸೇರುತ್ತದೆ. ಪ್ರತಿಯೊಂದಕ್ಕೂ ಒಂದು ಕಾಗದ, ಪ್ರತಿಯೊಂದು ಕಾಗದದ ಮೇಲೂ ಒಂದು ಅಂಕಿ, ಒಂದು ಅಕ್ಷರ. ಇದೇನೆಂದು ತಿಳಿಯದೆ ಕಾಗದಗಳನ್ನು ಹಾಗೆಯೇ ಕಪಾಟಿಗೆ ಸೇರಿಸುವವರು ಬಹಳ ಮಂದಿ. ಅಂಥ ಮನೆತನಗಳಿಗೂ, ಅಲ್ಲಿ ತಂದೆತಾಯಿಗಳನ್ನೋ ಅಣ್ಣತಮ್ಮಂದಿರನ್ನೋ ಹೊಂದಿರುವ ಇಲ್ಲಿಯ ಕುಟುಂಬಗಳಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಬಿಡಿಸಿ ಹೇಳಲು ನಾವು ಬಯಸಿದ್ದೇವೆ.

ಸಂಕೇತ ಎಂದರೇನು?

ಬ್ರಿಟನ್ನಿನಲ್ಲಿ ವೇತನ ಕೈಸೇರುವ ಮುನ್ನವೇ ತೆರಿಗೆ ಮುರಿದುಕೊಳ್ಳುವ ಪದ್ಧತಿ 1944ರಲ್ಲಿ ಜಾರಿಗೆ ಬಂದಿತು. ವಿಶ್ರಾಂತಿ ವೇತನಕ್ಕೂ ಇದೇ ಪದ್ಧತಿ ಅನ್ವಯಿಸುತ್ತದೆ. ಎಷ್ಟು ಮುರಿಯಬೇಕೆಂಬುದನ್ನು ವೇತನ ಕೊಡುವವರು ತಾವಾಗಿ ನಿರ್ಧರಿಸುವುದಿಲ್ಲ. ಎಚ್.ಎಂ.ಆರ್.ಸಿ. ಎಂದು ಕರೆಯಲಾಗುವ ಅಲ್ಲಿಯ ಕಂದಾಯ ಇಲಾಖೆ ಒಂದು ಸಂಕೇತವನ್ನು ಅವರಿಗೆ ಕಳುಹಿಸುತ್ತದೆ. ಅವರು ಅದರಂತೆ ನಡೆಯುತ್ತಾರೆ. ಆದುದರಿಂದ ಸಂಕೇತ ತಪ್ಪಾಗಿದೆಯೆಂದು ವೇತನ ಕೊಡುವ ಸಂಸ್ಥೆಯೊಡನೆ ವಾದಿಸಿ ಫಲವಿಲ್ಲ. ಅದನ್ನು ತಿದ್ದುವ ಅಧಿಕಾರವಿರುವುದು ಕಂದಾಯ ಇಲಾಖೆಗೆ ಮಾತ್ರ.

ಅಲ್ಲಿಯ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಆರಂಭವಾಗಿ ಮರುವರ್ಷದ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ 12,570 ಪೌಂಡ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. 2021-22ರಿಂದ ಈ ವಿನಾಯಿತಿಯ ಮೊತ್ತ ಬದಲಾಗಿಲ್ಲ. ಅದರ ಕೊನೆಯ ಅಂಕಿಯನ್ನು ಬಿಟ್ಟು, ‘ಎಲ್’ ಅಕ್ಷರ ಸೇರಿಸಿದರೆ 1257ಎಲ್ ಎಂಬ ಸಂಕೇತವಾಗುತ್ತದೆ. ಪೂರ್ತಿ ವಿನಾಯಿತಿ ಈ ವೇತನದ ಮೇಲೆಯೇ ಇದೆ ಎಂಬುದು ಇದರ ಅರ್ಥ. ‘ಬಿ.ಆರ್.’ ಎಂದಿದ್ದರೆ ಈ ವೇತನಕ್ಕೆ ವಿನಾಯಿತಿ ಏನೂ ಇಲ್ಲ, ಇಡೀ ಮೊತ್ತಕ್ಕೆ ನೂರಕ್ಕೆ 20ರಂತೆ ತೆರಿಗೆ ಎಂದರ್ಥ. ‘ಡಿ0’ ಎಂದರೆ ನೂರಕ್ಕೆ 40. ಸ್ಕಾಟ್ಲೆಂಡಿನಲ್ಲಿ ವಾಸಿಸುವವರ ಸಂಕೇತದ ಮೊದಲಿಗೆ ‘ಎಸ್’ ಅಕ್ಷರವಿರುತ್ತದೆ, ಅಲ್ಲಿಯ ದರಗಳೂ ಬೇರೆ. ಕೆಳಗಿನ ಲೆಕ್ಕ ಇಂಗ್ಲೆಂಡಿನಲ್ಲಿರುವವರದು.

ಒಂದು ಲೆಕ್ಕ

ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ತತ್ತ್ವ ಒಂದೇ: ವೇತನಗಳು ಎಷ್ಟೇ ಇರಲಿ, ವಿನಾಯಿತಿ ಒಬ್ಬ ವ್ಯಕ್ತಿಗೆ ಒಂದೇ. ಮತ್ತೊಂದು ಸಂಗತಿಯೂ ಇದೆ. ಸರ್ಕಾರದ ವೃದ್ಧಾಪ್ಯ ವೇತನ ತೆರಿಗೆಗೆ ಒಳಪಟ್ಟದ್ದಾದರೂ ಅದನ್ನು ತೆರಿಗೆ ಮುರಿಯದೆಯೇ ಕೊಡಲಾಗುತ್ತದೆ. ಅದರ ಪಾಲಿನ ತೆರಿಗೆಯನ್ನು ಬೇರೆ ವೇತನದಿಂದ ವಸೂಲು ಮಾಡುತ್ತಾರೆ. ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ.

ಒಬ್ಬ ಹಿರಿಯರಿಗೆ ಸರ್ಕಾರದ ವೃದ್ಧಾಪ್ಯ ವೇತನ ವರ್ಷಕ್ಕೆ 10,000 ಪೌಂಡ್ ಎಂದಿಟ್ಟುಕೊಳ್ಳೋಣ. ದುಡಿದ ಮೂರು ಕಡೆಗಳಿಂದ ಕ್ರಮವಾಗಿ 9,000, 4,000 ಮತ್ತು 2,000 ಪೌಂಡ್ ಬರುತ್ತದೆ. ಒಟ್ಟು 25,000. ಇದರಲ್ಲಿ 12,570 ಕಳೆದರೆ ಉಳಿಯುವುದು 12,430. ನೂರಕ್ಕೆ 20ರಂತೆ ತೆರಿಗೆ 2,486 ಪೌಂಡ್. ಸಂಕೇತಗಳು ಸರಿಯಾಗಿದ್ದರೆ ಇದೇ ಮೊತ್ತ ಮುರಿಯಬೇಕು.

ಅದು ಹೀಗೆ: ವಿನಾಯಿತಿಯಲ್ಲಿ 10,000ವನ್ನು ವೃದ್ಧಾಪ್ಯ ವೇತನವೇ ಬಳಸಿಕೊಂಡಿತು. ಉಳಿದ 2,570 ದೊಡ್ಡ ವೇತನಕ್ಕೆ ಸೇರಿ ಅದರ ಸಂಕೇತ 257ಎಲ್ ಆಗುತ್ತದೆ. 9,000ದಲ್ಲಿ 2,570 ಕಳೆದು ಉಳಿದ 6,430ಕ್ಕೆ 1,286 ತೆರಿಗೆ. ಮಿಕ್ಕೆರಡಕ್ಕೂ ಬಿ.ಆರ್. ಸಂಕೇತ, ಅವುಗಳಿಂದ 800 ಮತ್ತು 400. ಕೂಡಿಸಿದರೆ 2,486. ಸಂಕೇತದ ಕೊನೆಯ ಅಂಕಿ ಬಿಟ್ಟಿರುವುದರಿಂದ ಒಂದೆರಡು ಪೌಂಡಿನ ವ್ಯತ್ಯಾಸ ಬಂದರೆ ಅದನ್ನು ಲಕ್ಷಿಸಬೇಕಾಗಿಲ್ಲ.

ಈಗ ವೃದ್ಧಾಪ್ಯ ವೇತನದ ಸಂಗತಿ ಲೆಕ್ಕಕ್ಕೆ ಬಾರದೆ, ದೊಡ್ಡ ವೇತನದ ಮೇಲೆ ಹಳೆಯ 1257ಎಲ್ ಸಂಕೇತವೇ ಉಳಿದಿದೆ ಎನ್ನೋಣ. ಆಗ ಆ ವೇತನಕ್ಕೆ ತೆರಿಗೆಯೇ ಬೀಳದು. ಮುರಿಯುವುದು 1,200 ಮಾತ್ರ. ಕೈಗೆ ಹೆಚ್ಚು ಹಣ ಬಂದಿತೆಂದು ಸಂತೋಷವಾಗಬಹುದು. ಆದರೆ ಉಳಿದ 1,286 ಪೌಂಡನ್ನು ಇಲಾಖೆ ಮುಂದೊಂದು ದಿನ ಕೇಳಿಯೇ ಕೇಳುತ್ತದೆ. ಇದಕ್ಕೆ ವಿರುದ್ಧವಾಗಿ ಮೂರಕ್ಕೂ ಬಿ.ಆರ್. ಬಿದ್ದರೆ 3,000 ಪೌಂಡ್ ಮುರಿದು, 514 ಪೌಂಡ್ ಅನ್ಯಾಯವಾಗಿ ಹೋಗುತ್ತದೆ.

ಕೆಲವರ ವಿಷಯದಲ್ಲಿ ವೃದ್ಧಾಪ್ಯ ವೇತನವೂ ಇತರ ಬಾಬುಗಳೂ ಸೇರಿ ವಿನಾಯಿತಿಯನ್ನೇ ಮೀರುತ್ತವೆ. ಆಗ ಸಂಕೇತ ‘ಕೆ’ ಅಕ್ಷರದಿಂದ ಆರಂಭವಾಗುತ್ತದೆ. ಇದು ದಂಡವಲ್ಲ, ಮೀರಿದ ಮೊತ್ತವನ್ನು ಆ ವೇತನಕ್ಕೆ ಸೇರಿಸಿ ತೆರಿಗೆ ಹಾಕುವ ಕ್ರಮ. ಆದರೂ ಆ ವೇತನದ ಅರ್ಧಕ್ಕಿಂತ ಹೆಚ್ಚನ್ನು ಮುರಿಯುವಂತಿಲ್ಲ. ಸಂಕೇತದ ಕೊನೆಗೆ ‘ಎಂ1’, ‘ಡಬ್ಲ್ಯು1’ ಅಥವಾ ‘ಎಕ್ಸ್’ ಇದ್ದರೆ ಅದು ತಾತ್ಕಾಲಿಕ ಸಂಕೇತ. ಹೊಸ ವೇತನ ಆರಂಭವಾದಾಗ, ಅಥವಾ ನಿಧಿಯಿಂದ ಮೊದಲ ಬಾರಿಗೆ ದೊಡ್ಡ ಮೊತ್ತ ತೆಗೆದಾಗ ಇದು ಬರುತ್ತದೆ. ಒಮ್ಮೆ ತೆಗೆದ ಹಣವನ್ನು ಪ್ರತಿ ತಿಂಗಳೂ ಬರುವ ಹಣವೆಂದು ಭಾವಿಸಿ ತೆರಿಗೆ ಹಾಕುವುದರಿಂದ ಹೆಚ್ಚು ಮುರಿಯುವ ಸಂಭವವುಂಟು. ಹಾಗೆ ಹೋದುದನ್ನು ಅರ್ಜಿ ಸಲ್ಲಿಸಿ ಹಿಂಪಡೆಯಬಹುದು.

ಸಣ್ಣ ವೇತನದವರು ಗಮನಿಸಬೇಕಾದುದು

ಹೆಚ್ಚಿನ ನಷ್ಟಕ್ಕೆ ಗುರಿಯಾಗುವವರು ಬಡ ಹಿರಿಯರೇ ಎಂಬುದು ನಮ್ಮ ಮನಸ್ಸನ್ನು ನೋಯಿಸುತ್ತದೆ. ವೃದ್ಧಾಪ್ಯ ವೇತನದ ವಯಸ್ಸು ಇನ್ನೂ ಬಾರದ ಒಬ್ಬ ತಾಯಿಗೆ 5,000, 4,000 ಮತ್ತು 3,000 ಪೌಂಡಿನ ಮೂರು ಸಣ್ಣ ವೇತನಗಳಿವೆ ಎನ್ನೋಣ. ಒಟ್ಟು 12,000. ಆಕೆ ಒಂದು ಪೆನ್ಸ್ ತೆರಿಗೆಯನ್ನೂ ಕೊಡಬೇಕಾಗಿಲ್ಲ. ಆದರೆ ವಿನಾಯಿತಿಯೆಲ್ಲ ಮೊದಲನೆಯದರ ಮೇಲಿದ್ದು, ಉಳಿದೆರಡಕ್ಕೆ ಬಿ.ಆರ್. ಇದ್ದರೆ 1,400 ಪೌಂಡ್ ಕಡಿತವಾಗುತ್ತದೆ. ಮೊದಲನೆಯದರಲ್ಲಿ 7,570 ಪೌಂಡಿನ ವಿನಾಯಿತಿ ಬಳಕೆಯಾಗದೆ ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರವುಂಟು. ವಿನಾಯಿತಿಯನ್ನು ಮೂರಕ್ಕೂ ಹಂಚಿಕೊಡುವಂತೆ ಇಲಾಖೆಯನ್ನು ಕೇಳಬಹುದು. ಕೇಳದಿದ್ದರೆ ವರ್ಷ ಮುಗಿದ ಮೇಲೆ ಬರುವ ಮರುಪಾವತಿಗೆ ಕಾಯಬೇಕು. ಮನೆ ಬೆಚ್ಚಗಿಡುವ ಖರ್ಚೇ ದೊಡ್ಡದಾಗಿರುವ ನಾಡಿನಲ್ಲಿ ಆ ಕಾಯುವಿಕೆ ಸಣ್ಣ ಕಷ್ಟವಲ್ಲ.

ದಂಪತಿಗಳಲ್ಲಿ ಒಬ್ಬರ ಆದಾಯ 12,570 ಪೌಂಡಿಗಿಂತ ಕಡಿಮೆಯಿದ್ದು, ಮತ್ತೊಬ್ಬರು ನೂರಕ್ಕೆ 20ರ ದರದಲ್ಲಿ ತೆರಿಗೆ ಕೊಡುತ್ತಿದ್ದರೆ, ಕಡಿಮೆ ಆದಾಯದವರು ತಮ್ಮ ವಿನಾಯಿತಿಯಲ್ಲಿ 1,260 ಪೌಂಡನ್ನು ಸಂಗಾತಿಗೆ ವರ್ಗಾಯಿಸಬಹುದು. ಇದರಿಂದ ವರ್ಷಕ್ಕೆ 252 ಪೌಂಡ್‌ವರೆಗೆ ಉಳಿತಾಯ. ಮನೆಯನ್ನೇ ನೋಡಿಕೊಂಡು ಬಂದ ಗೃಹಿಣಿಯರಿರುವ ನಮ್ಮ ಅನೇಕ ಕುಟುಂಬಗಳಿಗೆ ಈ ಸೌಲಭ್ಯ ದೊರೆಯಬಹುದು. ಆದರೆ ಅರ್ಜಿ ಹಾಕದೆ ಇದು ತಾನಾಗಿ ಬರುವುದಿಲ್ಲ.

ಮಾಡಬೇಕಾದ ಕೆಲಸ

ವರ್ಷಕ್ಕೊಮ್ಮೆ, ಮೇ ತಿಂಗಳ ಕೊನೆಯಲ್ಲಿ, ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಅಷ್ಟರೊಳಗೆ ಪ್ರತಿ ವೇತನದವರೂ ಆ ವರ್ಷ ಕೊಟ್ಟ ಹಣವನ್ನೂ ಮುರಿದ ತೆರಿಗೆಯನ್ನೂ ತೋರಿಸುವ ‘ಪಿ60’ ಎಂಬ ಪತ್ರವನ್ನು ಕೊಟ್ಟಿರಬೇಕು. ಅವೆಲ್ಲವನ್ನೂ ಮುಂದಿಟ್ಟುಕೊಂಡು, ವೃದ್ಧಾಪ್ಯ ವೇತನವನ್ನೂ ಸೇರಿಸಿ, ಮೇಲಿನಂತೆ ಕೂಡಿ ಕಳೆದು ನೋಡಿದರೆ ಸಾಕು. ಬಡ್ಡಿ, ಬಾಡಿಗೆ ಮುಂತಾದ ಆದಾಯವಿರುವವರು ಅದನ್ನೂ ಗಮನಕ್ಕೆ ತೆಗೆದುಕೊಳ್ಳಬೇಕು. ವ್ಯತ್ಯಾಸ ಕಂಡರೆ ಇಲಾಖೆಗೆ ದೂರವಾಣಿ ಮಾಡಿಯೋ ಪತ್ರ ಬರೆದೋ ಗಣಕಯಂತ್ರದ ಮೂಲಕವೋ ತಿಳಿಸಬೇಕು. ಹೆಚ್ಚು ಕೊಟ್ಟ ತೆರಿಗೆಯನ್ನು ಆಯಾ ತೆರಿಗೆ ವರ್ಷ ಮುಗಿದ ನಾಲ್ಕು ವರ್ಷಗಳೊಳಗೆ ಕೇಳಬಹುದು. ಆದಾಯ ಕಡಿಮೆ ಇರುವವರಿಗೆ ಉಚಿತವಾಗಿ ನೆರವಾಗುವ ಟ್ಯಾಕ್ಸ್‌ಏಡ್‌ನಂಥ ಧರ್ಮಾರ್ಥ ಸಂಸ್ಥೆಗಳೂ ಅಲ್ಲಿವೆ. ಮರುಪಾವತಿ ಕೊಡಿಸುವೆವೆಂದು ತಾವಾಗಿ ಕರೆ ಮಾಡುವವರಿಗೆ ಮಾತ್ರ ಬ್ಯಾಂಕಿನ ವಿವರವನ್ನು ಎಂದಿಗೂ ಕೊಡಬಾರದು.

ಒಮ್ಮೆ ಸರಿಪಡಿಸಿದರೆ ಮುಗಿಯಿತೆಂದು ಭಾವಿಸುವಂತಿಲ್ಲ. ವೃದ್ಧಾಪ್ಯ ವೇತನ ಪ್ರತಿ ಏಪ್ರಿಲ್‌ನಲ್ಲಿ ಏರುತ್ತದೆ, ವಿನಾಯಿತಿ ಮಾತ್ರ ನಿಂತಲ್ಲೇ ನಿಂತಿದೆ. ಆದುದರಿಂದ ಉಳಿದ ವೇತನಗಳ ಪಾಲಿಗೆ ಬರುವ ವಿನಾಯಿತಿ ವರ್ಷ ವರ್ಷಕ್ಕೂ ಕರಗುತ್ತದೆ, ಸಂಕೇತವೂ ಬದಲಾಗುತ್ತದೆ. ಭಾರತದಿಂದಲೂ ವಿಶ್ರಾಂತಿ ವೇತನ ಪಡೆಯುವವರ ವಿಷಯ ಬೇರೆ. ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ಎರಡು ದೇಶಗಳ ನಡುವೆ 1993ರಲ್ಲಿ ಆದ ಒಪ್ಪಂದವಿದೆ. ಅದರಲ್ಲಿ ಸರ್ಕಾರಿ ಸೇವೆಯ ವೇತನಕ್ಕೆ ಒಂದು ನಿಯಮ, ಇತರ ವೇತನಕ್ಕೆ ಇನ್ನೊಂದು. ಅಂಥವರು ಬಲ್ಲವರನ್ನು ವಿಚಾರಿಸಿ ಮುಂದುವರಿಯುವುದು ಲೇಸು.

ಕೊನೆಯದಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ ಹಣದ ಕಾಗದಗಳು ಯಜಮಾನರ ಕೈಯಲ್ಲಿಯೇ ಉಳಿಯುವುದು ರೂಢಿ. ಅವರು ಇಲ್ಲವಾದ ಮೇಲೆ, ಅವರ ವೇತನಗಳ ಒಂದು ಪಾಲು ಅನೇಕ ಯೋಜನೆಗಳಲ್ಲಿ ಪತ್ನಿಗೆ ಸಲ್ಲುತ್ತದೆ. ಆಗ ಹೊಸ ಸಂಕೇತಗಳ ಕಾಗದಗಳು ಆಕೆಯ ಹೆಸರಿಗೆ ಬರತೊಡಗುತ್ತವೆ. ದುಃಖದ ದಿನಗಳಲ್ಲಿ ಒಬ್ಬಂಟಿಯಾಗಿ ಕುಳಿತು ಅವುಗಳನ್ನು ಅರ್ಥಮಾಡಿಕೊಳ್ಳುವ ಕಷ್ಟ ಯಾವ ತಾಯಿಗೂ ಬರಬಾರದು. ಆದುದರಿಂದ ಆ ವಾರ್ಷಿಕ ಲೆಕ್ಕಕ್ಕೆ ಪತಿಪತ್ನಿಯರು ಜೊತೆಯಾಗಿ ಕುಳಿತುಕೊಳ್ಳಲಿ, ಮಕ್ಕಳಲ್ಲಿ ಒಬ್ಬರಾದರೂ ಬಳಿಯಲ್ಲಿರಲಿ. ಯಾವ ಸಂಸ್ಥೆಯಿಂದ ಎಷ್ಟು ಬರುತ್ತದೆ, ಯಾವುದಕ್ಕೆ ಯಾವ ಸಂಕೇತ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಲಿ. ನ್ಯಾಯವಾಗಿ ಕೊಡಬೇಕಾದುದನ್ನು ಕೊಡುವುದು, ನ್ಯಾಯವಾಗಿ ಉಳಿಯಬೇಕಾದುದನ್ನು ಉಳಿಸಿಕೊಳ್ಳುವುದು, ಎರಡೂ ಗೃಹಸ್ಥನ ಕರ್ತವ್ಯಗಳೇ.